ರಿಪೇರಿ ಬಿಲ್ ಇದ್ದ ತನಕ ಅದು ರೇಸಿನ ಸಿನಿಮಾ

ಮಾನ್ಯ ಸಂಪಾದಕರೇ,

ರಾತ್ರಿ ಹೊತ್ತು ಕಲಬುರಗಿಯ ರಿಂಗ್ ರೋಡು, ಸೇಡಂ ರಸ್ತೆಗಳಲ್ಲಿ ಗಾಡಿ ಹಾರಿಸುವ ಹುಡುಗರ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಹುಡುಗರನ್ನು ಬೈದದ್ದಕ್ಕೆ ನಮ್ಮ ತಕರಾರಿಲ್ಲ, ಇನ್ನೂ ನಾಲ್ಕು ಮಾತು ಜಾಸ್ತಿ ಬೈದರೂ ಸರಿಯೇ. ಆದರೆ ಲೇಖಕರು ಇದಕ್ಕೆಲ್ಲ ಹಾಲಿವುಡ್ಡಿನ ‘ಫಾಸ್ಟ್ ಅಂಡ್ ಫ್ಯೂರಿಯಸ್’ ಚಿತ್ರ ಸರಣಿಯೇ ಕಾರಣವೆಂದು ಹೇಳಿ, ಹತ್ತೂ ಚಿತ್ರಗಳನ್ನು ಒಂದೇ ತಕ್ಕಡಿಗೆ ಹಾಕಿ ತೂಗಿದ್ದಾರೆ. ಅದು ಸರಿಯಲ್ಲ. ಆ ಸರಣಿ ಬೀದಿ ರೇಸಿನ ಸಿನಿಮಾ ಆಗಿದ್ದದ್ದು ಮೊದಲ ಮೂರು ಚಿತ್ರಗಳಲ್ಲಿ, ಬೇಕಿದ್ದರೆ ನಾಲ್ಕನೆಯದರ ಅರ್ಧವನ್ನೂ ಸೇರಿಸಿ. ಆಮೇಲೆ ಅದು ದರೋಡೆಯ ಸಿನಿಮಾ ಆಯಿತು, ಅಲ್ಲಿಂದ ಬೇಹುಗಾರಿಕೆಗೆ ಹೋಯಿತು, ಕೊನೆಗೆ ಕಾರು ಬಾಹ್ಯಾಕಾಶಕ್ಕೂ ಹೋಗಿ ಬಂತು. ಎಲ್ಲಿ ತಿರುಗಿತು ಎಂದು ಹುಡುಕುವುದಕ್ಕೆ ನಮ್ಮಂಥ ಗ್ಯಾರೇಜಿನವರ ಬಳಿ ಒಂದೇ ಗುರುತಿದೆ: ಕೆಟ್ಟ ಗಾಡಿಯ ಬಿಲ್ ಯಾರ ತಲೆಯ ಮೇಲೆ ಬೀಳುತ್ತದೆ?

ಮೊದಲ ಚಿತ್ರ ಬಂದದ್ದು 2001ರ ಜೂನ್‌ನಲ್ಲಿ, ನಿರ್ದೇಶಕ ರಾಬ್ ಕೋಹೆನ್. ಅದರ ಬೇರು ಇರುವುದು ಪತ್ರಿಕೆಯೊಂದರ ವರದಿಯಲ್ಲಿ. ಅಮೆರಿಕದ ‘ವೈಬ್’ ಮಾಸಿಕದಲ್ಲಿ 1998ರಲ್ಲಿ ಕೆನ್ ಲೀ ಎಂಬ ಪತ್ರಕರ್ತ ನ್ಯೂಯಾರ್ಕಿನ ಬೀದಿ ರೇಸುಗಾರರ ಬಗ್ಗೆ ಬರೆದಿದ್ದ. ಯೂನಿವರ್ಸಲ್ ಕಂಪನಿ ಅದರ ಹಕ್ಕು ಕೊಂಡು ಕಥೆಯನ್ನು ಲಾಸ್ ಏಂಜಲೀಸಿಗೆ ಸಾಗಿಸಿತು. ಖರ್ಚು 3.8 ಕೋಟಿ ಡಾಲರ್, ಹಾಲಿವುಡ್ಡಿನ ಲೆಕ್ಕದಲ್ಲಿ ಮಧ್ಯಮ ವರ್ಗದ ಚಿತ್ರ. ಕಥೆಯಲ್ಲಿ ಲೂಟಿಯಾಗುವ ಮಾಲಾದರೂ ಏನು? ಲಾರಿಯಲ್ಲಿ ಹೋಗುವ ಡಿವಿಡಿ ಪ್ಲೇಯರು. ಅಣುಬಾಂಬಿಲ್ಲ, ಜಲಾಂತರ್ಗಾಮಿಯಿಲ್ಲ. ಲೂಟಿ ಮಾಡುವ ಗುಂಪಿಗೆ ರೊಕ್ಕ ಬೇಕಿರುವುದು ಕಾರಿಗೆ ಹಾಕುವುದಕ್ಕೆ.

ಆ ಚಿತ್ರದಲ್ಲಿ ಪ್ರತಿ ತಪ್ಪಿಗೂ ಒಂದು ಚೀಟಿ ಹರಿಯುತ್ತದೆ. ಮಾರುವೇಷದ ಪೊಲೀಸ್ ಬ್ರಯಾನ್ (ನಟ ಪಾಲ್ ವಾಕರ್) ಬಿಡಿಭಾಗದ ಅಂಗಡಿ ಕೌಂಟರಿನಲ್ಲಿ ನಿಂತು ನೈಟ್ರಸ್ ಕಿಟ್, ಅಂದರೆ ಎಂಜಿನ್ನಿಗೆ ನೈಟ್ರಸ್ ಆಕ್ಸೈಡ್ ಗ್ಯಾಸ್ ಬಿಟ್ಟು ಬಲ ಹೆಚ್ಚಿಸುವ ಸಾಧನ, ಕೇಳುತ್ತಾನೆ. ಪಂದ್ಯದ ರೊಕ್ಕ ಕೈಯಲ್ಲಿಲ್ಲದೆ ಗಾಡಿಯ ಕಾಗದವನ್ನೇ ಪಣಕ್ಕಿಡುತ್ತಾನೆ. ಸೋತಾಗ ಆ ಲೂಟಿ ಗುಂಪಿನ ನಾಯಕ ಡಾಮ್ (ನಟ ವಿನ್ ಡೀಸೆಲ್) ಅವನಿಗೆ ಲೆಕ್ಕ ಒಪ್ಪಿಸುತ್ತಾನೆ: ಪಿಸ್ಟನ್ ರಿಂಗ್ ಸುಟ್ಟಿವೆ, ಬ್ಲಾಕ್ ಬಿಚ್ಚಬೇಕು, ಇಂಟೇಕಿನ ವೆಲ್ಡಿಂಗ್ ಬಿಡದೇ ಇದ್ದದ್ದು ನಿನ್ನ ನಸೀಬು. ಆ ಕಾರೂ ಸುಟ್ಟುಹೋದಾಗ ಬ್ರಯಾನ್ ತಲೆಯ ಮೇಲೆ ಸಾಲ ಉಳಿಯುತ್ತದೆ, ಕಾಲು ಮೈಲಿಯನ್ನು 10 ಸೆಕೆಂಡಿನಲ್ಲಿ ಓಡುವ ಒಂದು ಕಾರು ಕೊಡಬೇಕೆಂದು. ಹಾಗೆ ಗುಜರಿ ಸ್ಥಿತಿಯಲ್ಲಿ ಬಂದ ಟೊಯೊಟಾ ಸುಪ್ರಾಗೆ 15,000 ಡಾಲರ್ ಆದರೂ ಸುರಿಯಬೇಕು, ಅಗತ್ಯ ಬಿದ್ದರೆ ಜಪಾನಿನಿಂದ ರಾತ್ರೋರಾತ್ರಿ ಪಾರ್ಟು ತರಿಸಬೇಕು ಎಂಬ ಮಾತು ಬರುತ್ತದೆ. ಹೈದರಾಬಾದಿನಿಂದ ರಾತ್ರಿ ಬಸ್ಸಿಗೆ ಪಾರ್ಟು ಹಾಕಿಸಿ ಬೆಳಗಾಮುಂಚೆ ಬಸ್ ಸ್ಟ್ಯಾಂಡಿಗೆ ಓಡುವ ನಮ್ಮ ಊರಿನ ಮಿಸ್ತ್ರಿಗಳಿಗೆ ಆ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಜೆಸ್ಸಿ ಎಂಬ ಹುಡುಗ ಅಪ್ಪನ ಜೆಟ್ಟಾ ಕಾರನ್ನು ಪಣಕ್ಕಿಟ್ಟು ಸೋಲುತ್ತಾನೆ, ಕೊಡದೆ ಓಡಿಹೋಗುತ್ತಾನೆ. ಅದಕ್ಕೆ ಅವನ ಜೀವವೇ ಹೋಗುತ್ತದೆ. ಇದನ್ನು ನೋಡಿ ಯಾವ ಹುಡುಗ ರೇಸಿಗೆ ಹೋಗಬೇಕೆಂದು ಕಲಿತನೋ ನಮಗೆ ತಿಳಿಯದು.

ತಾಂತ್ರಿಕ ತಪ್ಪು ಅದರಲ್ಲೂ ಬೇಕಾದಷ್ಟಿವೆ. ಆದರೆ ಅವು ಕೆಲಸ ಗೊತ್ತಿದ್ದವರು ಸಿನಿಮಾಕ್ಕಾಗಿ ಬಗ್ಗಿಸಿದ ತಪ್ಪುಗಳು. ಚಿತ್ರಕ್ಕೆ ತಾಂತ್ರಿಕ ಸಲಹೆಗಾರನಾಗಿದ್ದ ಕ್ರೇಗ್ ಲೀಬರ್‌ಮನ್ ಸ್ವತಃ ಸುಪ್ರಾ ಮಾಲೀಕ, ಆತನ ಕಾರನ್ನು ನೋಡಿಯೇ ಚಿತ್ರದ ಸುಪ್ರಾ ಮಾಡಿದ್ದು. ನೈಟ್ರಸ್ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಹುಡುಗರು ಅದನ್ನು ಬೆಂಕಿ ಹತ್ತುವ ಗ್ಯಾಸ್ ಎಂದೇ ತಿಳಿದಿದ್ದಾರೆ, ತಮ್ಮ ಲೇಖನವೂ ಹಾಗೇ ಬರೆದಿದೆ. ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವುದಿಲ್ಲ. ಸಿಲಿಂಡರಿನೊಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ನೈಟ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಗಾಳಿಯ ತೂಕದಲ್ಲಿ ಆಮ್ಲಜನಕ ಶೇ 23ರಷ್ಟು, ನೈಟ್ರಸ್ಸಿನಲ್ಲಿ ಶೇ 36. ಅಂದರೆ ಅದೇ ಎಂಜಿನ್ನಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೆಚ್ಚು ಹೋಗಬೇಕು.

ಕೆಡುವುದು ಇಲ್ಲೇ. ಗ್ಯಾಸ್ ಬಂತು, ಪಂಪು ಹಳೆಯದಾಗಿ ಪೆಟ್ರೋಲ್ ಸಾಲಲಿಲ್ಲ ಎಂದರೆ ಮಿಶ್ರಣ ತೆಳುವಾಗಿ ಎಂಜಿನ್ ನಾಕಿಂಗ್ ಹೊಡೆಯುತ್ತದೆ (ಹೊತ್ತಲ್ಲದ ಹೊತ್ತಿಗೆ ಒಳಗೆ ಸಿಡಿಯುತ್ತದೆ), ಕ್ಷಣದಲ್ಲಿ ಪಿಸ್ಟನ್ನಿನ ತಲೆ ಕರಗುತ್ತದೆ. ನೈಟ್ರಸ್ಸಿನಿಂದ ಹೆಚ್ಚುವ ಪ್ರತಿ 50 ಎಚ್.ಪಿ.ಗೆ (ಅಶ್ವಶಕ್ತಿಗೆ) ಟೈಮಿಂಗನ್ನು, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತನ್ನು, ಸುಮಾರು 2 ಡಿಗ್ರಿ ಹಿಂದಕ್ಕೆ ತರಬೇಕು. ಪ್ಲಗ್ ಒಂದು ನಂಬರು ತಣ್ಣಗಿನದು ಇರಬೇಕು. ರಿಂಗ್ ಗ್ಯಾಪನ್ನು ಮಾಮೂಲಿಗಿಂತ ಜಾಸ್ತಿ ಬಿಡಬೇಕು; ಬಿಡದಿದ್ದರೆ ಬಿಸಿಗೆ ಹಿಗ್ಗಿದ ರಿಂಗಿನ ಎರಡು ತುದಿಗಳು ಒಂದಕ್ಕೊಂದು ಒತ್ತಿ, ರಿಂಗ್ ಕೂರುವ ಜಾಗದ ಅಂಚು ಒಡೆದು ಹೊಗೆ ಶುರುವಾಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತದೆ, 3,000 ಆರ್‌ಪಿಎಂ ಕೆಳಗೇ ಗುಂಡಿ ಒತ್ತಿದರೆ ಗ್ಯಾಸು ಮ್ಯಾನಿಫೋಲ್ಡಿನಲ್ಲೇ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲೇ) ತುಂಬಿಕೊಂಡು, ಬ್ಯಾಕ್‌ಫೈರ್ ಆಗಿ ಮ್ಯಾನಿಫೋಲ್ಡ್ ಸೀಳುತ್ತದೆ. ಹೀಗಾಗಿ ಓಟದ ನಡುವೆ ಬ್ರಯಾನನ ಲ್ಯಾಪ್‌ಟಾಪಿನಲ್ಲಿ ಮ್ಯಾನಿಫೋಲ್ಡಿಗೆ ಅಪಾಯ ಎಂದು ಬರುವ ಎಚ್ಚರಿಕೆ ಪೂರಾ ಸುಳ್ಳಲ್ಲ. ಅದರ ಬೆನ್ನಿಗೇ ಕಾಲ ಕೆಳಗಿನ ತಗಡು ಕಳಚಿ ರಸ್ತೆಗೆ ಬೀಳುತ್ತದಲ್ಲ, ಅದು ಮಾತ್ರ ನಗೆಪಾಟಲು. ನೈಟ್ರಸ್ಸಿಗೂ ನೆಲದ ತಗಡಿಗೂ ಯಾವ ಸಂಬಂಧವೂ ಇಲ್ಲ.

ಡಬಲ್ ಕ್ಲಚ್ ಹೊಡೆಯಲಿಲ್ಲವೆಂದು ಡಾಮ್ ಬೈಯುವುದೂ ಹೀಗೇ. ಡಬಲ್ ಕ್ಲಚ್ ಎನ್ನುವುದು, ಅಂದರೆ ಒಂದು ಗಿಯರ್ ಬದಲಿಸಲು ಎರಡು ಸಲ ಕ್ಲಚ್ ಒತ್ತುವುದು, ಸಿಂಕ್ರೋಮೆಶ್ (ಗಿಯರುಗಳ ವೇಗವನ್ನು ತಾನೇ ಹೊಂದಿಸುವ ಭಾಗ) ಇಲ್ಲದ ಹಳೇ ಲಾರಿ ಗಿಯರ್ ಬಾಕ್ಸಿನ ಕಸುಬು. 1995ರ ಮಿತ್ಸುಬಿಶಿ ಎಕ್ಲಿಪ್ಸಿನಲ್ಲಿ ಮೇಲಿನ ಗಿಯರಿಗೆ ಹೋಗುವಾಗ ಅದನ್ನು ಮಾಡಿದರೆ ಪ್ರತಿ ಗಿಯರಿಗೂ ಸಮಯ ಹೋಗುತ್ತದೆ, ಇನ್ನೇನೂ ಆಗುವುದಿಲ್ಲ. ಕಾಲು ಮೈಲಿ ಎಂದರೆ 402 ಮೀಟರ್. ಬಿರುಸಿನ ಕಾರಿಗೆ 10ರಿಂದ 14 ಸೆಕೆಂಡಿನ ಕೆಲಸ, ಮೂರು ಸಲ, ಬಹಳವೆಂದರೆ ನಾಲ್ಕು ಸಲ ಗಿಯರ್ ಬದಲಾಯಿಸಬಹುದು. ಪರದೆಯ ಮೇಲೆ ಗಿಯರ್ ಬೀಳುತ್ತಲೇ ಇರುತ್ತವೆ.

ಇನ್ನು ಕೊನೆಯಲ್ಲಿ ಬರುವ 1970ರ ಡಾಜ್ ಚಾರ್ಜರ್. ಹಿಂದಿನ ಟಯರು ಹೊಗೆ ಕಾರುತ್ತಿರುವಾಗಲೇ ಮುಂದಿನ ಗಾಲಿಗಳು ಮೇಲೇಳುತ್ತವೆ. ಈ ಎರಡೂ ಒಟ್ಟಿಗೆ ಆಗುವಂತಿಲ್ಲ. ಮುಂಭಾಗ ಏಳಬೇಕೆಂದರೆ ಹಿಂದಿನ ಟಯರು ರಸ್ತೆಯನ್ನು ಕಚ್ಚಿ ಹಿಡಿದಿರಬೇಕು. ಹೊಗೆ ಬರುತ್ತಿದೆಯೆಂದರೆ ಕಚ್ಚಿಲ್ಲ, ಜಾರುತ್ತಿದೆ ಎಂದರ್ಥ. ರೀಲ್ಸ್ ಹುಡುಗರು ಅರಿಯಬೇಕಾದ ವಿಷಯವೂ ಇದೇ. ಬೈಕಿನ ಮುಂದಿನ ಗಾಲಿ ಎದ್ದಾಗ ಇಡೀ ಗಾಡಿಯ ಭಾರ ಅಂಗೈಯಗಲದ ರಬ್ಬರಿನ ಮೇಲೆ ನಿಂತಿರುತ್ತದೆ. ಅಲ್ಲೊಂದು ಹಿಡಿ ಜಲ್ಲಿಕಲ್ಲೋ ಚೆಲ್ಲಿದ ಡೀಸೆಲೋ ಸಿಕ್ಕಿತೆಂದರೆ ಮುಗಿಯಿತು.

2003ರ ಎರಡನೆಯ ಚಿತ್ರದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಜಾನ್ ಸಿಂಗಲ್ಟನ್ ನಿರ್ದೇಶನ, ಮಯಾಮಿ ಊರು, ವಿನ್ ಡೀಸೆಲ್ ಇಲ್ಲ. ಆರಂಭದ ರೇಸು, ನಡುವೆ ಕಾರನ್ನೇ ಪಣಕ್ಕಿಟ್ಟ ಇನ್ನೊಂದು ಪಂದ್ಯ ಬಿಟ್ಟರೆ ಉಳಿದದ್ದು ಕಸ್ಟಮ್ಸ್ ಇಲಾಖೆಗೆ ಕಳ್ಳನನ್ನು ಹಿಡಿದುಕೊಡುವ ಕಥೆ. ಕೊನೆಗೆ ಕಾರು ಹಾರಿ ದೋಣಿಯ ಮೇಲೆ ಬೀಳುತ್ತದೆ. ಮುಂದೆ ಏನಾಗಲಿದೆ ಎಂಬುದರ ವಾಸನೆ ಅಲ್ಲೇ ಬಂದಿತ್ತು.

ಲೆಕ್ಕದಲ್ಲಿ ಸೋತರೂ ಕೆಲಸದಲ್ಲಿ ಗೆದ್ದದ್ದು ಮೂರನೆಯದು, 2006ರ ‘ಟೋಕಿಯೋ ಡ್ರಿಫ್ಟ್’. ನಿರ್ದೇಶಕ ಜಸ್ಟಿನ್ ಲಿನ್. ಹಳೆಯ ನಾಯಕರಿಬ್ಬರೂ ಇಲ್ಲ, ಊರು ಹೊಸದು. ಒಟ್ಟು ಗಳಿಕೆ 16 ಕೋಟಿ ಡಾಲರ್ ಕೂಡ ಮುಟ್ಟಲಿಲ್ಲ, ಸರಣಿಯಲ್ಲೇ ಅತಿ ಕಡಿಮೆ. ಆದರೆ ಡ್ರಿಫ್ಟಿಂಗಿನ (ತಿರುವಿನಲ್ಲಿ ಗಾಡಿಯ ಹಿಂಭಾಗವನ್ನು ಜಾರಿಸುತ್ತಾ ಓಡಿಸುವ ಕಲೆಯ) ಗುರು ಎನಿಸಿಕೊಂಡ ಕೇಯ್ಚಿ ತ್ಸುಚಿಯಾ ಅವರನ್ನೇ ಕರೆಸಿ ಅವರಿಂದ ಕಾರು ಓಡಿಸಿದರು. ಗಾಳ ಹಿಡಿದು ಕೂತು ಹುಡುಗನ ಡ್ರಿಫ್ಟ್ ನೋಡಿ ನಗುವ ಮೀನುಗಾರ ಅವರೇ. ನಾಯಕ ಶಾನ್ ಪಾರ್ಕಿಂಗ್ ಕಟ್ಟಡದೊಳಗೆ ಹ್ಯಾನ್ ಎಂಬುವನ ನಿಸಾನ್ ಸಿಲ್ವಿಯಾವನ್ನು ಗೋಡೆಗೆ, ಕಂಬಕ್ಕೆ ಬಡಿದು ಹಾಳು ಮಾಡುತ್ತಾನೆ. ಅಲ್ಲಿಂದ ಆ ರೊಕ್ಕ ತೀರಿಸುವುದಕ್ಕೆ ಹ್ಯಾನ್ ಕೈಕೆಳಗೆ ದುಡಿಯುತ್ತಾನೆ. ಕೊನೆಯ ಓಟಕ್ಕೆ ಕಾರಿಲ್ಲದಾಗ ಅಪ್ಪನ ಹಳೇ 1967ರ ಮಸ್ಟಾಂಗ್ ಕಾರಿನೊಳಗೆ, ಹಾಳಾದ ಅದೇ ಸಿಲ್ವಿಯಾದ ಎಂಜಿನ್ ಕೂರಿಸುತ್ತಾರೆ. ಒಂದು ಗುಜರಿ ಗಾಡಿಯ ಎಂಜಿನ್ ತೆಗೆದು ಇನ್ನೊಂದಕ್ಕೆ ಹಾಕುವುದು ನಮ್ಮ ಕಡೆ ದಿನನಿತ್ಯದ ಕೆಲಸ. ಆ ಎಂಜಿನ್ ಮೂಲತಃ ನಿಸಾನ್ ಸ್ಕೈಲೈನ್ ಕಾರಿನ ಆರ್‌ಬಿ26, 2,568 ಸಿಸಿ, ಆರು ಸಿಲಿಂಡರ್, ಎರಡು ಟರ್ಬೋ. ಮಸ್ಟಾಂಗಿನಲ್ಲಿ ಅದನ್ನು ಕೂರಿಸುವುದೆಂದರೆ ಮೌಂಟಿಂಗ್ ಹೊಸದಾಗಿ ವೆಲ್ಡ್ ಮಾಡಬೇಕು, ಪ್ರೊಪೆಲ್ಲರ್ ಶಾಫ್ಟ್ ಅಳತೆ ಮಾಡಿ ಕತ್ತರಿಸಬೇಕು, ರೇಡಿಯೇಟರ್ ಬದಲಿಸಬೇಕು, ವೈರಿಂಗ್ ಪೂರ್ತಿ ಬಿಚ್ಚಿ ಕಟ್ಟಬೇಕು. ಚಿತ್ರದಲ್ಲಿ ಹುಡುಗರು ಬೇಗ ಮುಗಿಸಿಬಿಡುತ್ತಾರೆ, ಇರಲಿ. ಮೈಕೈಗೆ ಗ್ರೀಸ್ ಹತ್ತಿದ್ದಾದರೂ ಕಾಣುತ್ತದೆ.

ಡ್ರಿಫ್ಟ್ ಎನ್ನುವುದು ಹ್ಯಾಂಡ್ ಬ್ರೇಕ್ ಎಳೆಯುವ ಆಟವಲ್ಲ ಎಂಬುದನ್ನೂ ಆ ಚಿತ್ರ ಸರಿಯಾಗಿ ತೋರಿಸುತ್ತದೆ. ಎಂಜಿನ್ ಬಲ ಹಿಂದಿನ ಗಾಲಿಗೆ ಹೋಗಬೇಕು. ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡು ಗಾಲಿಗೆ ಹಂಚುವ ಗಿಯರು) ಎರಡೂ ಗಾಲಿಯನ್ನು ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ತಿರುಗಿಸುವಂಥದ್ದಾಗಿರಬೇಕು, ಇಲ್ಲದಿದ್ದರೆ ಒಳಗಿನ ಗಾಲಿ ಸುಮ್ಮನೆ ತಿರುಗಿ ಬಲ ಅಲ್ಲೇ ಸೋರಿಹೋಗುತ್ತದೆ. ತಿರುವಿಗೆ ಮೊದಲು ಸ್ಟೇರಿಂಗನ್ನು ಎದುರು ದಿಕ್ಕಿಗೆ ಒಮ್ಮೆ ಆಡಿಸಿ ಗಾಡಿಯ ಭಾರವನ್ನು ಆ ಕಡೆಗೆ ವಾಲಿಸಬೇಕು, ಆಮೇಲೆ ತಿರುವಿನೊಳಕ್ಕೆ ಎಸೆಯಬೇಕು, ಜಾರಿದ ಹಿಂಭಾಗವನ್ನು ಆಕ್ಸಿಲರೇಟರಿನಿಂದ ಹಿಡಿದಿಟ್ಟುಕೊಳ್ಳಬೇಕು. ನಾಲ್ಕೂ ಗಾಲಿಗೆ ಬಲ ಹೋಗುವ ಲ್ಯಾನ್ಸರ್ ಎವೊ ಕಾರುಗಳನ್ನು ಚಿತ್ರೀಕರಣಕ್ಕೆಂದೇ ಹಿಂದಿನ ಗಾಲಿಗಷ್ಟೇ ಬಲ ಹೋಗುವಂತೆ ಮಾರ್ಪಡಿಸಿದ್ದರು. ನಮ್ಮ ಊರಲ್ಲಿ ಡ್ರಿಫ್ಟ್ ಹೆಸರಲ್ಲಿ ನಡೆಯುವುದು ಸ್ವಿಫ್ಟ್, ಐ20ಗಳ ಹ್ಯಾಂಡ್ ಬ್ರೇಕ್ ಎಳೆದಾಟ. ಆ ಗಾಡಿಗಳ ಬಲ ಮುಂದಿನ ಗಾಲಿಗೆ. ಹಿಂಭಾಗ ಒಮ್ಮೆ ಜಾರುತ್ತದೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಂದಿನ ಗಾಲಿಗಳು ಗಾಡಿಯನ್ನು ನೆಟ್ಟಗೆ ಎಳೆದುಬಿಡುತ್ತವೆ. ಹುಡುಗನಿಗೆ ಸಿಗುವುದು ಜಗ್ಗಿಹೋದ ಹ್ಯಾಂಡ್ ಬ್ರೇಕ್ ಕೇಬಲ್, ಒಂದೇ ಕಡೆ ಸವೆದು ಚಪ್ಪಟೆಯಾದ ಎರಡು ಟಯರು, ಆಮೇಲೆ 60ರ ವೇಗದಲ್ಲಿ ಹಿಂದಿನಿಂದ ಬರುವ ಗಡಗಡ ಸದ್ದು. ಅಲೈನ್‌ಮೆಂಟ್ ಮಾಡಿಸಿದರೆ ಆ ಸದ್ದು ಹೋಗುವುದಿಲ್ಲ, ಟಯರೇ ಹೋಗಬೇಕು.

ಸರಣಿ ತಿರುಗಿದ್ದು ಇದರ ನಂತರ. ‘ಟೋಕಿಯೋ ಡ್ರಿಫ್ಟ್’ ಕೊನೆಯ ಒಂದೇ ದೃಶ್ಯದಲ್ಲಿ ವಿನ್ ಡೀಸೆಲ್ ಬಂದು ನಿಲ್ಲುತ್ತಾನೆ. ಅದಕ್ಕೆ ಪ್ರತಿಯಾಗಿ ಆತ ಪಡೆದದ್ದು ತಾನು ಬೇರೊಂದು ಚಿತ್ರ ಸರಣಿಯಲ್ಲಿ ಮಾಡಿದ್ದ ‘ರಿಡಿಕ್’ ಪಾತ್ರದ ಹಕ್ಕು. ಜನ ನೋಡಲು ಬರುವುದು ಕಾರನ್ನಲ್ಲ, ಈ ಮುಖಗಳನ್ನು ಎಂದು ಕಂಪನಿಗೆ ಮನವರಿಕೆಯಾಯಿತು. 2009ರಲ್ಲಿ ಮೊದಲ ಚಿತ್ರದ ಮುಖ್ಯ ನಟರಾದ ನಾಲ್ವರನ್ನೂ ಒಟ್ಟುಗೂಡಿಸಿದರು. ಖರ್ಚು ಹಿಂದಿನಷ್ಟೇ, 8.5 ಕೋಟಿ ಡಾಲರ್. ಬಂದದ್ದು 36 ಕೋಟಿ. ಅದರಲ್ಲೊಂದು ಬೀದಿ ರೇಸಿದೆ, ಆದರೆ ಅದು ಮಾದಕವಸ್ತು ಸಾಗಿಸಲು ಡ್ರೈವರ್ ಆರಿಸುವ ಪರೀಕ್ಷೆ ಅಷ್ಟೇ.

2011ರ ಐದನೆಯ ಚಿತ್ರದಲ್ಲಿ ತಿರುವು ಪೂರ್ತಿಯಾಯಿತು. ಕಾರ್ ರೇಸಿನ ಚಿತ್ರವೆಂದು ಗೊತ್ತಾದರೆ ಬರುವ ಪ್ರೇಕ್ಷಕರಿಗೆ ಒಂದು ಮಿತಿಯಿದೆ, ಆದ್ದರಿಂದ ದರೋಡೆಯ ಕಥೆಗೆ ಹೊರಳುತ್ತಿದ್ದೇವೆ ಎಂದು ಯೂನಿವರ್ಸಲ್ ಮುಖ್ಯಸ್ಥರೇ ಆಗ ಬಹಿರಂಗವಾಗಿ ಹೇಳಿದ್ದರು. ಚಿತ್ರದೊಳಗೇ ಅದರ ಪುರಾವೆಯಿದೆ. ಡಾಮ್, ಬ್ರಯಾನ್ ಇಬ್ಬರೂ ಒಂದು ಪೋರ್ಶೆಗಾಗಿ ಪಂದ್ಯಕ್ಕೆ ಹೋಗುತ್ತಾರೆ, ಎಲ್ಲ ಸಿದ್ಧತೆ ಆಗುತ್ತದೆ, ಮುಂದಿನ ದೃಶ್ಯದಲ್ಲಿ ಗೆದ್ದ ಕಾರಿನೊಂದಿಗೆ ವಾಪಸ್ ಬರುತ್ತಾರೆ. ಓಟವನ್ನು ತೋರಿಸುವುದೇ ಇಲ್ಲ! ಅದೇ ಚಿತ್ರದಲ್ಲಿ ಪೊಲೀಸ್ ಕಾರುಗಳಲ್ಲಿ ನಾಲ್ವರು ಒಂದು ಸಣ್ಣ ಓಟ ಓಡುತ್ತಾರೆ, ಅದು ತಮಾಷೆಗೆ.

ಬಿಲ್ ಮಾಯವಾದದ್ದೂ ಇಲ್ಲೇ. ಚಿತ್ರೀಕರಣದಲ್ಲಿ 200ಕ್ಕೂ ಹೆಚ್ಚು ಕಾರು ಪುಡಿಯಾದವು, ಕಥೆಯೊಳಗೆ ಒಬ್ಬನೂ ಒಂದು ಬಂಪರಿನ ಬೆಲೆ ಕೇಳುವುದಿಲ್ಲ. ಕೊನೆಯಲ್ಲಿ ಎರಡು ಚಾರ್ಜರ್ ಕಾರುಗಳು ಬ್ಯಾಂಕಿನ ತಿಜೋರಿಯಂಥ ಕಬ್ಬಿಣದ ಕೋಣೆಯನ್ನು ರಸ್ತೆಯುದ್ದಕ್ಕೂ ಎಳೆದೊಯ್ಯುತ್ತವೆ. ಲೆಕ್ಕ ಹಾಕೋಣ. ಕೋಣೆ 10 ಟನ್ ಎನ್ನಿ. ಉಕ್ಕು ಡಾಂಬರಿನ ಮೇಲೆ ಜಾರುವುದಕ್ಕೆ ತೂಕದ ಶೇ 40ರಷ್ಟಾದರೂ ಎಳೆತ ಬೇಕು, ಅಂದರೆ 4 ಟನ್. ಕಾರುಗಳು ಒಂದೊಂದೂ ಸುಮಾರು 2 ಟನ್, ಹಿಂದಿನ ಗಾಲಿಗಳ ಮೇಲೆ ಬೀಳುವ ಭಾರ ಅದರ ಅರ್ಧ. ಒಣ ರಸ್ತೆಯಲ್ಲಿ ಟಯರು ತನ್ನ ಮೇಲಿನ ಭಾರದ ಶೇ 90ರಷ್ಟು ಎಳೆತ ಕೊಟ್ಟರೂ ಎರಡೂ ಕಾರು ಸೇರಿ 1.8 ಟನ್. ಎಂಜಿನ್ ಎಷ್ಟೇ ಎಚ್.ಪಿ.ಯದಿರಲಿ, ಟಯರು ಹೊಗೆಯಾಡುತ್ತಾ ನಿಂತಲ್ಲೇ ತಿರುಗುತ್ತದೆ, ಕೋಣೆ ಕದಲುವುದಿಲ್ಲ. ಶಹಾಬಾದ್ ಫರಸಿ ತುಂಬಿದ ಟ್ರಾಲಿಯನ್ನು ಟ್ರ್ಯಾಕ್ಟರು ಎಳೆಯುವುದು ಟ್ರಾಲಿಗೆ ಗಾಲಿ ಇರುವುದರಿಂದ. ಚಿತ್ರೀಕರಣದಲ್ಲೂ ಅದೇ ಉಪಾಯ ಮಾಡಿದ್ದರು. ಕೋಣೆಯ ಆರು ಮಾದರಿ ಕಟ್ಟಿದ್ದರು. ಅದರಲ್ಲೊಂದು ನಾಲ್ಕು ಗಾಲಿಯ, ತಾನೇ ಓಡುವ 4 ಟನ್ ವಾಹನ. ಹೆನ್ರಿ ಕಿಂಗಿ ಎಂಬ ಸಾಹಸ ಚಾಲಕ ಒಳಗೆ ಕೂತು, ಸೆಖೆ ತಡೆಯಲು ತಂಪು ಉಡುಪು ಹಾಕಿಕೊಂಡು ಅದನ್ನು ಓಡಿಸಿದ. ಇನ್ನೊಂದು ಬರೀ ಮುಖವಾಡ, ಅದನ್ನು ಲಾರಿಯ ಮುಂದೆ ಕಟ್ಟಿ ನಿಂತ ಕಾರುಗಳಿಗೆ ಗುದ್ದಿಸಿದರು. ಕೆಲಸಗಾರರ ಕೈಚಳಕ ಎಂದರೆ ಇದು. ನಮ್ಮ ಮಟ್ಟಿಗೆ ಚಿತ್ರಕ್ಕಿಂತ ಅದನ್ನು ಮಾಡಿದ ಬಗೆಯೇ ಹೆಚ್ಚು ರುಚಿಸುತ್ತದೆ.

ಗಳಿಕೆ 62.6 ಕೋಟಿ ಡಾಲರ್! ಆಮೇಲೆ ಹಿಂದೆ ನೋಡುವ ಮಾತೇ ಬರಲಿಲ್ಲ. ರೊಕ್ಕ ಎಲ್ಲಿಂದ ಬಂತು ಎಂಬುದನ್ನೂ ನೋಡಿ. 2001ರ ಚಿತ್ರದ 20.7 ಕೋಟಿಯಲ್ಲಿ ಅಮೆರಿಕದ ಪಾಲು 14.4 ಕೋಟಿ, ಅಂದರೆ ಶೇ 70. 2017ರ ಎಂಟನೆಯ ಚಿತ್ರದ 123.6 ಕೋಟಿಯಲ್ಲಿ ಅಮೆರಿಕದ್ದು 22.6 ಕೋಟಿ, ಶೇ 18. ಚೀನಾ ಒಂದೇ 39 ಕೋಟಿ ಕೊಟ್ಟಿತು. ಲಾಸ್ ಏಂಜಲೀಸಿನ ಹುಡುಗ ಹೋಂಡಾಗೆ ಯಾವ ಟರ್ಬೋ ಹಾಕಿದ ಎನ್ನುವುದು ಶಾಂಘೈಯಲ್ಲಿ ಕೂತವನಿಗೆ ಬೇಕಿಲ್ಲ, ಟಿವಿಯಲ್ಲಿ ಹಿಂದಿ ಡಬ್ಬಿಂಗ್ ನೋಡುವ ನಮ್ಮ ಹುಡುಗನಿಗೂ ಬೇಕಿಲ್ಲ. ಟ್ಯಾಂಕು ಕಾರಿನ ಮೇಲೆ ಹತ್ತಿದರೆ ಎಲ್ಲ ಭಾಷೆಯವರಿಗೂ ತಿಳಿಯುತ್ತದೆ.

2013ರ ಆರನೆಯದರಲ್ಲಿ ವಿಮಾನವೊಂದು ರನ್‌ವೇ ಮೇಲೆ ಓಡುತ್ತಲೇ ಇರುತ್ತದೆ, ಹೊಡೆದಾಟ ಹತ್ತು ನಿಮಿಷ ದಾಟುತ್ತದೆ. ಗಂಟೆಗೆ 150 ಕಿ.ಮೀ. ಎಂದು ಕಡಿಮೆ ಹಿಡಿದರೂ 25 ಕಿ.ಮೀ. ರನ್‌ವೇ ಬೇಕು. ನಮ್ಮ ಕಲಬುರಗಿ ವಿಮಾನ ನಿಲ್ದಾಣದ್ದು ಮೂರು ಕಿಲೋಮೀಟರ್ ಚಿಲ್ಲರೆ. ಚಿತ್ರದ ರನ್‌ವೇ ಹೆಚ್ಚು ಕಡಿಮೆ ಊರಿಂದ ಶಹಾಬಾದ್ ಮುಟ್ಟುತ್ತದೆ. ಒಟ್ಟಿಗೆ ನಡೆದ ಹೊಡೆದಾಟಗಳನ್ನು ಒಂದಾದ ಮೇಲೊಂದು ತೋರಿಸಿದ್ದಾರೆ ಎಂದು ಅರ್ಧ ರಿಯಾಯಿತಿ ಕೊಟ್ಟರೂ ಹನ್ನೆರಡು ಕಿ.ಮೀ. ಆಯಿತು.

2015ರ ಏಳನೆಯದನ್ನು ಬೇರೆಯಾಗಿ ನೋಡಬೇಕು. ಪಾಲ್ ವಾಕರ್ 2013ರ ನವೆಂಬರ್ 30ರಂದು ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಕಾರು ಓಡಿಸುತ್ತಿದ್ದವರು ಅವರಲ್ಲ, ಜೊತೆಗಿದ್ದವರು. ಅರ್ಧಕ್ಕೆ ನಿಂತ ಚಿತ್ರವನ್ನು ಅವರ ತಮ್ಮಂದಿರಾದ ಕೇಲಬ್ ಮತ್ತು ಕೋಡಿಯನ್ನು ನಿಲ್ಲಿಸಿ, ವೇಟಾ ಸಂಸ್ಥೆಯ ಕಂಪ್ಯೂಟರ್ ಕೆಲಸದಿಂದ ಪೂರ್ತಿ ಮಾಡಿದರು. ಗಳಿಕೆ 151 ಕೋಟಿ ಡಾಲರ್, ಸರಣಿಯಲ್ಲೇ ಹೆಚ್ಚು. ವಿಮಾನದಿಂದ ಕಾರು ಉದುರುವ ದೃಶ್ಯವನ್ನು ಎಲ್ಲರೂ ಕಂಪ್ಯೂಟರ್ ಎಂದುಕೊಳ್ಳುತ್ತಾರೆ. ಅಲ್ಲ, ನಿಜವಾಗಿಯೂ ಸರಕು ವಿಮಾನದಿಂದ ಪ್ಯಾರಾಚೂಟ್ ಕಟ್ಟಿದ ಕಾರುಗಳನ್ನು ಕೆಳಗೆ ಬಿಟ್ಟರು, ಕ್ಯಾಮೆರಾ ಕಟ್ಟಿಕೊಂಡ ಜನ ಜೊತೆಗೇ ಹಾರಿದರು. ಒಳಗೆ ಮನುಷ್ಯರು ಮಾತ್ರ ಇರಲಿಲ್ಲ. ಅಬುಧಾಬಿಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಾರುವ ಲೈಕನ್ ಕಾರಿನ ಬೆಲೆ 34 ಲಕ್ಷ ಡಾಲರ್, ಜಗತ್ತಿನಲ್ಲಿ ತಯಾರಾದದ್ದೇ ಏಳು. ಮೊದಲ ಚಿತ್ರದಲ್ಲಿ 15,000 ಡಾಲರಿಗೆ ತಲೆ ಕೆರೆದುಕೊಂಡ ಅದೇ ಡಾಮ್ ಇದನ್ನು ಕಿಟಕಿಯಿಂದ ಎಸೆದು ಮುಂದೆ ನಡೆಯುತ್ತಾನೆ.

ಎಂಟರಲ್ಲಿ ಮಂಜುಗಡ್ಡೆ ಸೀಳಿ ಬರುವ ಜಲಾಂತರ್ಗಾಮಿ, 2021ರ ಒಂಬತ್ತರಲ್ಲಿ ರಾಕೆಟ್ ಕಟ್ಟಿದ ಪಾಂಟಿಯಾಕ್ ಕಾರು ಬಾಹ್ಯಾಕಾಶಕ್ಕೆ. ಭೂಮಿಯ ಸುತ್ತ ನಿಲ್ಲಬೇಕಾದರೆ ಗಂಟೆಗೆ ಸುಮಾರು 28,000 ಕಿ.ಮೀ. ವೇಗ ಬೇಕು. ಇದರ ತಪ್ಪು ಎಣಿಸುವುದು ವ್ಯರ್ಥ, ಮಾಡಿದವರೂ ನಗುತ್ತಲೇ ಮಾಡಿದ್ದಾರೆ. ಎಂಟನೆಯದು ಹವಾನಾದಲ್ಲಿ ಒಂದು ಓಟದಿಂದ ಶುರುವಾಗುವುದೇನೋ ನಿಜ. ಹಳೇ ಷೆವರ್ಲೆಯ ಬೇಡದ ತಗಡೆಲ್ಲ ಕಿತ್ತು ಹಗುರ ಮಾಡಿ, ಎಂಜಿನ್ನಿಗೆ ಬೆಂಕಿ ಹತ್ತಿದ ಮೇಲೆ ಡಾಮ್ ರಿವರ್ಸಿನಲ್ಲಿ ಗೆಲ್ಲುತ್ತಾನೆ. ಆ ಕಿತ್ತುಹಾಕುವ ಭಾಗವಷ್ಟೇ ಗ್ಯಾರೇಜಿನದು. ಉಳಿದ ಚಿತ್ರಕ್ಕೂ ಆ ಓಟಕ್ಕೂ ನಂಟಿಲ್ಲ, ಹಳೆಯ ಗಿರಾಕಿಗಳಿಗೆ ಕೊಟ್ಟ ಸಮಾಧಾನ ಅದು. 2023ರ ಹತ್ತನೆಯದಕ್ಕೆ 34 ಕೋಟಿ ಡಾಲರ್ ಸುರಿದರು, ಅಂದರೆ ಮೊದಲ ಚಿತ್ರದ ಒಂಬತ್ತು ಪಟ್ಟು. ಗಳಿಸಿದ್ದು 70 ಕೋಟಿ ಚಿಲ್ಲರೆ. ಥಿಯೇಟರಿನವರ ಪಾಲು ಕಳೆದರೆ ಉಳಿಯುವುದೆಷ್ಟು ಎಂದು ಯಾರಾದರೂ ಲೆಕ್ಕ ಹಾಕಬಹುದು. ಚಿತ್ರೀಕರಣ ಶುರುವಾದ ಕೆಲವೇ ದಿನಕ್ಕೆ ಜಸ್ಟಿನ್ ಲಿನ್ ನಿರ್ದೇಶನ ಬಿಟ್ಟು ಎದ್ದುಹೋದದ್ದು ಬೇರೆ.

ಇಷ್ಟೆಲ್ಲ ಬರೆದದ್ದು ಏಕೆಂದರೆ, ರಿಂಗ್ ರೋಡಿನ ಹುಡುಗರು ಹುಟ್ಟುವ ಹೊತ್ತಿಗೆ ಈ ಸರಣಿ ರೇಸು ಬಿಡಲು ಶುರು ಮಾಡಿತ್ತು. ಅವರು ಮಾಡುವುದು ಬೈಕಿನ ವೀಲಿ, ಸೈಲೆನ್ಸರ್ ಒಳಗಿನ ಜಾಲರಿ ಕೀಳಿಸುವುದು, ಏರ್ ಫಿಲ್ಟರ್ ಡಬ್ಬಿ ಕತ್ತರಿಸುವುದು. ಈ ಯಾವುದೂ ಆ ಚಿತ್ರಗಳಿಂದ ಬಂದದ್ದಲ್ಲ, ಫೋನಿನಿಂದ ಬಂದದ್ದು. ಫಿಲ್ಟರ್ ಡಬ್ಬಿ ಕತ್ತರಿಸಿದ ಗಾಡಿಗೆ ನಮ್ಮ ಬೇಸಿಗೆಯ ಧೂಳು ಒಂದೇ ಹಂಗಾಮಿನಲ್ಲಿ ಬೋರ್ (ಸಿಲಿಂಡರಿನ ಒಳಮೈ) ಸವೆಸಿ ಹಾಕುತ್ತದೆ. ಆಮೇಲೆ ನೀಲಿ ಹೊಗೆ, ಲೇತಿನವರ ಬಳಿ ಬೋರಿಂಗು, ಹೊಸ ಪಿಸ್ಟನ್. ಆ ಬಿಲ್ ಹುಡುಗನ ಅಪ್ಪನ ಕೈಗೆ ಬರುತ್ತದೆ, ರೀಲ್ಸಿನಲ್ಲಿ ಬರುವುದಿಲ್ಲ. ಕಾನೂನಿನ ಲೆಕ್ಕವನ್ನೂ ಲೇಖನದಲ್ಲಿ ಹಾಕಬಹುದಿತ್ತು. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ, 2019ರ ತಿದ್ದುಪಡಿಯ ನಂತರ, ರಸ್ತೆಯಲ್ಲಿ ರೇಸ್ ಮಾಡಿ ಮೊದಲ ಸಲ ಸಿಕ್ಕರೆ 3 ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 1 ವರ್ಷದ ತನಕ ಜೈಲು ಅಥವಾ 10,000 ರೂಪಾಯಿ, ಇಲ್ಲವೇ ಎರಡೂ. ಓಡಿಸಿದವನಿಗೆ 18 ತುಂಬಿಲ್ಲದಿದ್ದರೆ 199-ಎ ಕಲಮಿನಡಿ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಜೊತೆಗೆ 12 ತಿಂಗಳು ಗಾಡಿಯ ನೋಂದಣಿ ರದ್ದು.

ಪತ್ರ ಉದ್ದವಾಯಿತು, ಕತ್ತರಿಸುವುದಾದರೆ ಎರಡನೆಯ ಚಿತ್ರದ ಮಾತು ಕತ್ತರಿಸಿ, ತಿಜೋರಿ ಕೋಣೆಯ ಲೆಕ್ಕ ಬಿಡಬೇಡಿ. ಇನ್ನೊಂದು ತಿದ್ದುಪಡಿ ಬಾಕಿಯಿದೆ. ಲೇಖನದ ಪಕ್ಕದ ಚೌಕದಲ್ಲಿ, ಮೂರನೆಯ ಚಿತ್ರದಲ್ಲಿ ಸತ್ತ ಹ್ಯಾನ್ ನಾಲ್ಕು, ಐದು, ಆರರಲ್ಲಿ ಬದುಕಿರುವುದನ್ನು ನಿರ್ದೇಶಕರ ಪ್ರಮಾದ ಎಂದು ಬರೆದಿದ್ದೀರಿ. ಪ್ರಮಾದವಲ್ಲ. ಆ ಮೂರು ಚಿತ್ರಗಳ ಕಥೆ ನಡೆಯುವುದು ಟೋಕಿಯೋ ಕಥೆಗೆ ಮೊದಲು. ಆರನೆಯದರ ಕೊನೆಯಲ್ಲಿ ಅದೇ ಅಪಘಾತವನ್ನು ಮತ್ತೆ ತೋರಿಸಿ, ಗುದ್ದಿದವನು ಯಾರು ಎಂಬುದನ್ನು ಹೇಳುತ್ತಾರೆ. ಒಂಬತ್ತನೆಯದರಲ್ಲಿ ಅವನು ಸತ್ತೇ ಇರಲಿಲ್ಲ ಎನ್ನುತ್ತಾರೆ. ಕಥೆಯ ಪ್ರಕಾರ ನೋಡಬೇಕಾದ ಸರದಿ 1, 2, 4, 5, 6, 3, 7, 8, 9, 10. ಮುಂದಿನ ಭಾನುವಾರದ ಪುರವಣಿಯಲ್ಲಿ ಇದಿಷ್ಟನ್ನಾದರೂ ಸರಿಪಡಿಸಿ ಹಾಕಬೇಕೆಂದು ಕೋರುತ್ತೇವೆ.

ಇಂತಿ,
ಗ್ಯಾರೇಜ್ ಕೆಲಸದ ಗೆಳೆಯರು
ಹುಮನಾಬಾದ್ ರಿಂಗ್ ರೋಡ್, ಕಲಬುರಗಿ